ಯಾರೂ ನೆಡದ ಇಪ್ಪತ್ತು ಕೋಟಿ ಮರ

ಪಶ್ಚಿಮ ಆಫ್ರಿಕಾದ ನೈಜರ್ ದೇಶದ ದಕ್ಷಿಣ ಅಂಚಿನಲ್ಲಿ ಮರಾದಿ, ಜಿಂದೇರ್ ಎಂಬ ಎರಡು ಸೀಮೆಗಳಿವೆ. ಸಹಾರಾ ಮರುಭೂಮಿಯ ಕೆಳಗೆ ಬೇಸಾಯಕ್ಕೆ ಒಗ್ಗುವ ಒಣ ಪಟ್ಟಿ ಅದು. ಸಜ್ಜೆ, ಜೋಳ, ಅಲಸಂದಿ, ಶೇಂಗಾ ಬೆಳೆಯುತ್ತಾರೆ. ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಬೆಳೆಗಳ ಹೆಸರು ಕೇಳಿದರೆ ಕೊಪ್ಪಳವೋ ಯಾದಗಿರಿಯೋ ಅನ್ನಿಸಬೇಕು. 1980ರ ದಶಕದಿಂದೀಚೆಗೆ ಅಲ್ಲಿನ ರೈತರು ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಿಗೆ ಮರಗಳನ್ನು ಮರಳಿ ತಂದಿದ್ದಾರೆ. ಕರ್ನಾಟಕದ ಕಾಲು ಭಾಗದಷ್ಟು ನೆಲ ಅದು. ಮರಗಳ ಸಂಖ್ಯೆ ಇಪ್ಪತ್ತು ಕೋಟಿ ಇರಬಹುದೆಂದು ಸಂಶೋಧಕರ ಅಂದಾಜು. ಇವುಗಳಲ್ಲಿ ನರ್ಸರಿಯಿಂದ ಬಂದವು ಲೆಕ್ಕಕ್ಕೆ ಸಿಗುವಷ್ಟಿಲ್ಲ. ನೆಟ್ಟವರಿಲ್ಲ, ನೀರು ಹೊತ್ತವರಿಲ್ಲ. ರೈತರು ಕಡಿಯುವುದನ್ನು ನಿಲ್ಲಿಸಿದರು, ಸವರಿದರು, ಕಾದರು.

ಈ ಪದ್ಧತಿಗೆ ಅಭಿವೃದ್ಧಿ ವಲಯದಲ್ಲಿ ಎಫ್‌ಎಂಎನ್‌ಆರ್ ಎಂಬ ಹೆಸರಿದೆ. ರೈತರೇ ನೋಡಿಕೊಳ್ಳುವ ಸಹಜ ಮರುಹುಟ್ಟು ಎನ್ನೋಣ. ಹವಾಮಾನ ಸಮ್ಮೇಳನಗಳಲ್ಲಿ, ದೊಡ್ಡ ದೊಡ್ಡ ಸಂಸ್ಥೆಗಳ ವರದಿಗಳಲ್ಲಿ ಇದಕ್ಕೆ ಸಿಕ್ಕಿರುವ ಹೊಗಳಿಕೆ ಕಡಿಮೆಯದಲ್ಲ. ಹೊಗಳಿಕೆ ಸುಳ್ಳೂ ಅಲ್ಲ. ಆದರೆ ಹೊಗಳುವವರು ಇದನ್ನು ಒಂದು ಕೈಚಳಕದ ಕಥೆಯಾಗಿ, ಅದನ್ನು ಕಂಡುಹಿಡಿದ ಒಬ್ಬ ಮನುಷ್ಯನ ಕಥೆಯಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಇದು ಮರ ಯಾರದು ಎಂಬ ಪ್ರಶ್ನೆಗೆ ಊರವರು ಒಟ್ಟಾಗಿ ಕಂಡುಕೊಂಡ ಉತ್ತರದ ಕಥೆ. ಹಾಗೆ ಓದಿದಾಗ ಮಾತ್ರ ಅದರ ದೊಡ್ಡಸ್ತಿಕೆಯೂ ಕಾಣುತ್ತದೆ, ಊನವೂ ಕಾಣುತ್ತದೆ.

ಮೊದಲು ಕೈಕೆಲಸವನ್ನೇ ನೋಡೋಣ. ಕಡಿದ ಮರದ ಬೊಡ್ಡೆ ಸತ್ತಿರುವುದಿಲ್ಲ. ಬೇರು ಆಳದಲ್ಲಿ ಜೀವ ಹಿಡಿದಿರುತ್ತದೆ, ಪ್ರತಿ ವರ್ಷ ಬುಡದಿಂದ ಹತ್ತಾರು ಚಿಗುರು ಒಡೆಯುತ್ತದೆ. ಬಿತ್ತನೆಗೆ ಮುಂಚೆ ಹೊಲ ಹಸನು ಮಾಡುವ ರೈತ ಆ ಚಿಗುರನ್ನೆಲ್ಲ ನೆಲಮಟ್ಟಕ್ಕೆ ಕೊಚ್ಚಿ ಹಾಕುತ್ತಾನೆ ಅಥವಾ ಸುಡುತ್ತಾನೆ. ಮರುವರ್ಷ ಮತ್ತೆ ಚಿಗುರು, ಮತ್ತೆ ಕೊಚ್ಚು. ನೋಡುವವರ ಕಣ್ಣಿಗೆ ಅದು ಹೊಲದ ಕಳೆ. ಹೊಸ ಪದ್ಧತಿಯಲ್ಲಿ ರೈತ ಬೊಡ್ಡೆಯ ಮುಂದೆ ಕೂತು ಮೂರರಿಂದ ಐದು ನೇರ ಚಿಗುರುಗಳನ್ನು ಆರಿಸಿ ಉಳಿದವನ್ನು ತೆಗೆಯುತ್ತಾನೆ. ಉಳಿಸಿಕೊಂಡ ಕಾಂಡಗಳ ಕೆಳಗಿನ ಅರ್ಧದ ಟಿಸಿಲುಗಳನ್ನು ಸವರುತ್ತಾನೆ. ಬೇರು ಮೊದಲೇ ಇರುವುದರಿಂದ ಚಿಗುರು ಸಸಿಯಂತೆ ತೆವಳುವುದಿಲ್ಲ. ಕೆಲವೇ ವರ್ಷಗಳಲ್ಲಿ ಆಳೆತ್ತರ ಮೀರುತ್ತದೆ. ಬಳಿಕ ವರ್ಷಕ್ಕೊಂದು ಕಾಂಡ ಕಡಿದು ಸೌದೆಗೋ ಮಾರಾಟಕ್ಕೋ ಬಳಸಿ, ಅದರ ಜಾಗಕ್ಕೆ ಹೊಸ ಚಿಗುರೊಂದನ್ನು ಬಿಡುತ್ತಾನೆ. ಹೊಲಕ್ಕೆ ನೆರಳು ಹೆಚ್ಚಾಯಿತು ಅನ್ನಿಸಿದರೆ ಮರ ಕಡಿಮೆ ಮಾಡುತ್ತಾನೆ, ಸಾಲದು ಅನ್ನಿಸಿದರೆ ಹೆಚ್ಚಿಸುತ್ತಾನೆ. ಹೆಕ್ಟೇರಿಗೆ ಇಷ್ಟೇ ಎಂಬ ಕಟ್ಟಪ್ಪಣೆ ಇಲ್ಲ.

ಈ ಮರಗಳಲ್ಲಿ ಆ ಸೀಮೆಯ ಹೌಸಾ ಜನಾಂಗದ ರೈತರ ಅಚ್ಚುಮೆಚ್ಚಿನದು ಗಾವೊ. ಜಾಲಿಯ ದೂರದ ಬಳಗದ್ದು. ಇದರ ನಡತೆ ಉಳಿದ ಮರಗಳಿಗೆ ತದ್ವಿರುದ್ಧ: ಮಳೆಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ, ಬೇಸಿಗೆಯಲ್ಲಿ ಹಸಿರಾಗಿ ನಿಲ್ಲುತ್ತದೆ. ಸಜ್ಜೆ ಬೆಳೆಯುವ ಹೊತ್ತಿಗೆ ಅದರ ನೆರಳು ಬೆಳೆಗೆ ಅಡ್ಡ ಬರುವುದಿಲ್ಲ. ಉದುರಿದ ಎಲೆ ಗೊಬ್ಬರವಾಗುತ್ತದೆ, ಬೇರು ಸಾರಜನಕ ಹಿಡಿದಿಡುತ್ತದೆ. ಮೇವು ಸಿಗದ ತಿಂಗಳುಗಳಲ್ಲಿ ಅದರ ಕಾಯಿ ದನ, ಆಡುಗಳ ಹೊಟ್ಟೆ ತುಂಬಿಸುತ್ತದೆ. ಗಾವೊ ಬುಡದ ಸಜ್ಜೆ ಬಯಲಿನ ಸಜ್ಜೆಗಿಂತ ಹುಲುಸು ಎಂಬುದು ಅಲ್ಲಿನ ರೈತರಿಗೆ ಯಾವ ವಿಜ್ಞಾನಿಯೂ ಬಂದು ಹೇಳಬೇಕಾದ ಸಂಗತಿಯಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅವರು ದಶಕಗಟ್ಟಲೆ ಮರ ಕೊಚ್ಚಿದ್ದೇಕೆ? ಪದ್ಧತಿಯನ್ನು ಮೆಚ್ಚುವ ಬರಹಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನಿಲ್ಲದಿರಲು ಕಾರಣ, ಅವುಗಳ ಬಳಿ ಇನ್ನೂ ರುಚಿಯಾದ ಕಥೆಯೊಂದಿದೆ. ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ 1980ರ ದಶಕದ ಆರಂಭದಲ್ಲಿ ಕ್ರೈಸ್ತ ಮಿಷನ್ ಒಂದರ ಕೆಲಸಕ್ಕಾಗಿ ಮರಾದಿಗೆ ಬಂದರು. ಅವರು ನೆಡಿಸಿದ ಸಸಿಗಳಲ್ಲಿ ಬಹುಪಾಲು ಒಣಗಿಹೋದವು. 1983ರಲ್ಲಿ ಒಂದು ದಿನ ಮರಳಿನ ದಾರಿಯಲ್ಲಿ ಗಾಡಿ ನಿಲ್ಲಿಸಿ, ಟೈರಿನ ಗಾಳಿ ಇಳಿಸುವಾಗ ಪಕ್ಕದ ಪೊದೆಯೊಂದನ್ನು ಗಮನಿಸಿದರು. ಅದು ಪೊದೆಯಲ್ಲ, ಕಡಿದ ಮರದ ಬೊಡ್ಡೆ ಚಿಗುರಿದ್ದು ಎಂದು ಹೊಳೆಯಿತು. ಕಾಡು ನೆಲದಡಿಯಲ್ಲೇ ಇದೆ ಎಂಬ ಅವರ ಮಾತು ಅಲ್ಲಿಂದ ಜಗತ್ತು ಸುತ್ತಿತು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಜರ್ಮನಿಯ ಹಿರಿಯ ನಿರ್ದೇಶಕ ಫೋಲ್ಕರ್ ಶ್ಲೋಂಡೋರ್ಫ್ ರಿನಾಡೊ ಕುರಿತು ಸಾಕ್ಷ್ಯಚಿತ್ರ ಮಾಡಿದರು. ರಿನಾಡೊ ಅವರ ಕೆಲಸ ದೊಡ್ಡದು. ಅನುಮಾನವೇ ಬೇಡ.

ಆದರೆ ಮರಾದಿ ಸೀಮೆಯ ಆಗಿಯೆ ಭಾಗದಲ್ಲಿರುವ ದಾನ್ ಸಾಗಾ ಎಂಬ ಹಳ್ಳಿಯವರು ಬೇರೊಂದು ಕಥೆ ಹೇಳುತ್ತಾರೆ. ಬೇಸಿಗೆಯಲ್ಲಿ ಕೂಲಿ ಅರಸಿ ಗಡಿ ದಾಟಿ ನೈಜೀರಿಯಾಕ್ಕೆ ಗುಳೆ ಹೋಗುವುದು ಅಲ್ಲಿನ ಯುವಕರ ವಾಡಿಕೆ. 1980ರ ದಶಕದ ನಡುವೆ ಒಂದು ವರ್ಷ ಕೆಲವರು ತಡವಾಗಿ ಊರಿಗೆ ಮರಳಿದರು. ಅಷ್ಟರಲ್ಲಿ ಮಳೆ ಬಿದ್ದಿತ್ತು; ಹೊಲ ಹಸನು ಮಾಡಲು ಪುರುಸೊತ್ತಿರಲಿಲ್ಲ. ಚಿಗುರುಗಳ ನಡುವೆಯೇ ಬಿತ್ತಿದರು. ಹೊಲ ಬೋಳಿಸಿ ಚೊಕ್ಕಟ ಮಾಡಿದ್ದ ನೆರೆಯವರಿಗಿಂತ ಇವರ ಬೆಳೆಯೇ ಚೆನ್ನಾಗಿ ಬಂತು: ಮರಳುಗಾಳಿಗೆ ಎಳೆಯ ಸಸಿಗಳು ಹೂತುಹೋಗಲಿಲ್ಲ, ತೇವ ನಿಂತಿತು. ಊರು ಅದನ್ನು ನೋಡಿ ಕಲಿಯಿತು.

ಎರಡು ಕಥೆಗಳಲ್ಲಿ ಯಾವುದು ಮೊದಲು ಎಂದು ಜಗಳ ಬೇಕಿಲ್ಲ. ಎರಡೂ ನಿಜವಿರಬಹುದು. ಆದರೆ ಮೊದಲನೆಯದು ಪುಸ್ತಕವಾಯಿತು, ಸಿನಿಮಾ ಆಯಿತು. ಎರಡನೆಯದು ಸಂಶೋಧಕರ ವರದಿಗಳ ಒಳಪುಟದಲ್ಲಿ ಉಳಿಯಿತು. ರೈತರು ಕೂಡಿ ಮಾಡಿದ ಕೆಲಸಕ್ಕೆ ಒಬ್ಬ ನಾಯಕನನ್ನು ಹುಡುಕಿ ಕೂರಿಸುವ ಚಾಳಿ ನಮ್ಮಲ್ಲೂ ಇದೆ. ಅದರಿಂದಾಗುವ ನಷ್ಟ ಬರೀ ಕೀರ್ತಿಯದ್ದಲ್ಲ. ನಾಯಕನ ಕಥೆ ಓದಿದವರು ತಂತ್ರವನ್ನು ನಕಲು ಮಾಡುತ್ತಾರೆ, ತಂತ್ರ ನೆಲೆಯೂರಲು ಬೇಕಾದ ಒಪ್ಪಂದವನ್ನು ಬಿಟ್ಟುಬಿಡುತ್ತಾರೆ.

ಆ ಒಪ್ಪಂದದ ಅಗತ್ಯ ಎಲ್ಲಿಂದ ಬಂತು ಎಂಬುದಕ್ಕೆ ಕಾನೂನಿನ ಚರಿತ್ರೆ ನೋಡಬೇಕು. ಫ್ರೆಂಚರ ವಸಾಹತು ಆಡಳಿತ 1930ರ ದಶಕದಲ್ಲಿ ತಂದ ಅರಣ್ಯ ಕಾನೂನು ಮರಗಳ ಮೇಲಿನ ಹಕ್ಕನ್ನು ಸರ್ಕಾರಕ್ಕೆ ಕೊಟ್ಟಿತು. 1960ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಅದೇ ಧೋರಣೆ ಮುಂದುವರಿಯಿತು. ಹೊಲ ರೈತನದು, ಹೊಲದೊಳಗಿನ ಮರ ಅರಣ್ಯ ಇಲಾಖೆಯದು. ಅನುಮತಿಯಿಲ್ಲದೆ ಟೊಂಗೆ ಕಡಿದವನಿಗೆ ದಂಡ. ಮರ ಬೆಳೆಸಿದರೆ ಲಾಭವಿಲ್ಲ, ಇಟ್ಟುಕೊಂಡರೆ ತಲೆನೋವು. ಚಿಗುರಿನಲ್ಲೇ ಚಿವುಟಿ ಹಾಕುವುದೇ ಜಾಣತನ. ಇದರ ಜೊತೆಗೆ ಸಾಲುಬಿತ್ತನೆಗೆ ಹೊಲ ತೆರವಾಗಿರಬೇಕೆಂಬ ಹೊಸ ಬೇಸಾಯದ ಪಾಠ, ರಫ್ತಿಗಾಗಿ ಶೇಂಗಾ ಬೆಳೆಯುವ ಒತ್ತಡ. ಮರ ಹೋಗಲು ರೈತನ ಅಜ್ಞಾನ ಕಾರಣವಲ್ಲ. ಅವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಕಾನೂನೇ ಆ ಲೆಕ್ಕವನ್ನು ಹಾಗೆ ಹೆಣೆದಿತ್ತು.

1980ರ ದಶಕದ ಕೊನೆಯ ಹೊತ್ತಿಗೆ ಸರ್ಕಾರದ ಕೈ ಸಡಿಲವಾಯಿತು. ಖಜಾನೆ ಬರಿದಾಗಿತ್ತು, ಇಲಾಖೆಗೆ ಹಳ್ಳಿ ಸುತ್ತಲು ಬಲವಿರಲಿಲ್ಲ. ಮರಾದಿಯಲ್ಲಿ, ರೈತರು ತಾವು ಉಳಿಸಿಕೊಂಡ ಮರದ ಕಾಂಡ ಕಡಿದರೆ ಅಧಿಕಾರಿಗಳು ಕಂಡೂ ಕಾಣದಂತಿರುವ ವ್ಯವಸ್ಥೆಯಾಯಿತು. ಮುಂದೆ 1990ರ ದಶಕದ ಗ್ರಾಮೀಣ ಸಂಹಿತೆ, 2004ರ ಅರಣ್ಯ ಕಾನೂನು ಬಂದವು. ಹೊಲದಲ್ಲಿ ತಾನೇ ಉಳಿಸಿ ಬೆಳೆಸಿದ ಮರದ ಮೇಲೆ ರೈತನಿಗಿರುವ ಹಕ್ಕನ್ನು ಬಿಡಿಸಿ ಹೇಳುವ ಆದೇಶ ಹೊರಬೀಳಲು 2020 ಆಗಬೇಕಾಯಿತು. ಅಷ್ಟು ಹೊತ್ತಿಗೆ ಮರಗಳು ಬೆಳೆದು ಮೂವತ್ತು ವರ್ಷ ದಾಟಿತ್ತು. ಕಾಗದದ ಹಕ್ಕಿಗಾಗಿ ರೈತರು ಕಾಯಲಿಲ್ಲ. ದಂಡದ ಭಯ ಹೋಗಿದ್ದೇ ಸಾಕಾಯಿತು.

ಭಯ ಹೋದ ಮಾತ್ರಕ್ಕೆ ಒಬ್ಬೊಬ್ಬರೇ ಮರ ಉಳಿಸಬಹುದಿತ್ತೇ? ಆಗದು. ಸುಗ್ಗಿ ಮುಗಿದ ಮೇಲೆ ಹೊಲವೆಲ್ಲ ಊರಿನ ದನಕರುಗಳಿಗೆ ಬಿಟ್ಟ ಬಯಲು. ಸೌದೆಯನ್ನು ಯಾರು ಎಲ್ಲಿ ಬೇಕಾದರೂ ಕಡಿಯಬಹುದು ಎಂಬ ರೂಢಿ. ಊರಿನಲ್ಲಿ ಒಬ್ಬನೇ ಮರ ಬಿಟ್ಟರೆ ಅವನು ನೆರೆಯವರ ಸೌದೆ ಬೆಳೆದುಕೊಟ್ಟಂತೆ. ಮೇಲಾಗಿ ಹೊಲ ಹಸನು ಮಾಡದ ಸೋಮಾರಿ ಎಂಬ ಬಿರುದು ಬೇರೆ. 1984ರ ಬರಗಾಲದಲ್ಲಿ ರಿನಾಡೊ ಅವರ ತಂಡ ಮರ ಉಳಿಸಿದವರಿಗೆ ಕೂಲಿಗಾಗಿ ಕಾಳು ಕೊಟ್ಟಿತು. ಹಳ್ಳಿಹಳ್ಳಿಗಳೇ ಒಮ್ಮೆಗೆ ಮರ ಬಿಟ್ಟವು. ಕಾಳು ನಿಂತ ಮೇಲೆ ಅನೇಕರು ಬೆಳೆದದ್ದನ್ನು ಮತ್ತೆ ಕಡಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಮುಖ್ಯವೆನಿಸುವುದು ಈ ಘಟನೆ. ಸಹಾಯಧನದ ಕೆಲಸ ಸಹಾಯಧನದ ಜೊತೆಗೇ ಮುಗಿಯಿತು. ಉಳಿದದ್ದು, ಒಟ್ಟಿಗೆ ಮಾಡಿದರೆ ಮರ ನಿಲ್ಲುತ್ತದೆ ಎಂದು ಒಮ್ಮೆ ಕಣ್ಣಾರೆ ಕಂಡ ಅನುಭವ. ಅದನ್ನು ನೆಚ್ಚಿಕೊಂಡ ಹಳ್ಳಿಗಳು ಮುಂದೆ ಸ್ವಂತ ಕಟ್ಟಳೆ ಮಾಡಿಕೊಂಡವು. ದಾನ್ ಸಾಗಾದಲ್ಲಿ ಸಮಿತಿಯಾಯಿತು. ಸರದಿಯಲ್ಲಿ ಕಾವಲು ಬಂತು. ಕಳ್ಳತನಕ್ಕೆ ದಂಡ ಗೊತ್ತಾಯಿತು. ಸೌದೆ ಮಾರಲು ಊರಿನದೇ ಸಂತೆಯಾಯಿತು. ಸುತ್ತಲ ಊರಿನವರನ್ನೂ ಕಟ್ಟಳೆಯೊಳಗೆ ತರದೆ ತಮ್ಮೊಂದು ಊರಿನ ಕಾವಲು ನಿಲ್ಲದು ಎಂದು ಅರಿತು ಅವರನ್ನೂ ಸೇರಿಸಿಕೊಂಡರು.

ಇನ್ನು ಫಲಿತಾಂಶದ ವಿಷಯ. ಅಮೆರಿಕದ ಭೂಸರ್ವೇಕ್ಷಣೆಯ ಗ್ರೇ ಟಪ್ಪನ್, ನೆದರ್‌ಲ್ಯಾಂಡ್ಸ್‌ನ ಕ್ರಿಸ್ ರೇ, ನಿಯಾಮಿ ವಿಶ್ವವಿದ್ಯಾಲಯದ ಮಹಮಾನೆ ಲಾರ್ವಾನು ಮುಂತಾದವರು 2000ದ ದಶಕದ ನಡುವೆ ಹಳೆಯ ವೈಮಾನಿಕ ಚಿತ್ರಗಳನ್ನೂ ಉಪಗ್ರಹ ಚಿತ್ರಗಳನ್ನೂ ಹೋಲಿಸಿ ನೋಡುವವರೆಗೆ ಈ ಹಸಿರು ಹೊರಜಗತ್ತಿನ ಗಮನಕ್ಕೆ ಬಂದಿರಲಿಲ್ಲ. ಇಪ್ಪತ್ತು ವರ್ಷ ನಡೆದ ಕೆಲಸ ರಾಜಧಾನಿಗೇ ತಿಳಿದಿರಲಿಲ್ಲ ಎಂಬುದೇ ಅದು ಯೋಜನೆಯ ಫಲವಲ್ಲ ಎನ್ನುವುದಕ್ಕೆ ಸಾಕ್ಷಿ. ಹಸಿರು ರೈತರ ಕೈಕೆಲಸ ಎಂಬ ಮಾತಿಗೆ ಆಕ್ಷೇಪವೂ ಬಂತು: 1970, 80ರ ದಶಕಗಳ ಭೀಕರ ಬರದ ನಂತರ ಆ ಪಟ್ಟಿಯಲ್ಲಿ ಮಳೆ ಸುಧಾರಿಸಿತಲ್ಲ, ಹಸಿರು ಅದರಿಂದಲೇ ಇರಬಹುದಲ್ಲ? ನ್ಯಾಯವಾದ ಪ್ರಶ್ನೆ. ಉತ್ತರ ಗಡಿಯಲ್ಲಿ ಸಿಗುತ್ತದೆ. ಗಡಿಯ ಆಚೆ ನೈಜೀರಿಯಾದಲ್ಲೂ ಅದೇ ಮಣ್ಣು, ಅದೇ ಹೌಸಾ ರೈತರು, ಮಳೆ ಅಷ್ಟೇ ಅಥವಾ ತುಸು ಹೆಚ್ಚು. ಆದರೂ ಮರ ದಟ್ಟವಾಗಿದ್ದುದು ನೈಜರ್ ಬದಿಯಲ್ಲಿ. ಮಳೆ ನೆರವಾಗಿದೆ, ಸರಿ. ಮಳೆಯೊಂದೇ ಆಗಿದ್ದರೆ ಗಡಿಗೆರೆಯಲ್ಲಿ ಮರದ ಸಾಂದ್ರತೆ ಬದಲಾಗಬೇಕಿರಲಿಲ್ಲ.

ಹೊಗಳುವವರು ಮುಂದೆ ಹೋಗಿ, ಈ ಮರಗಳಿಂದ ವರ್ಷಕ್ಕೆ ಐದು ಲಕ್ಷ ಟನ್ ಕಾಳು ಹೆಚ್ಚು ಬೆಳೆಯುತ್ತಿದೆ, ಇಪ್ಪತ್ತೈದು ಲಕ್ಷ ಜನರ ಹೊಟ್ಟೆ ತುಂಬುತ್ತಿದೆ ಎನ್ನುತ್ತಾರೆ. ಇಲ್ಲಿ ಸ್ವಲ್ಪ ತಡೆಯಬೇಕು. ಹೆಕ್ಟೇರಿಗೆ ಇಂತಿಷ್ಟು ಹೆಚ್ಚೆಂದು ಹಿಡಿದು ಒಟ್ಟು ಹೆಕ್ಟೇರಿನಿಂದ ಗುಣಿಸಿ ತೆಗೆದ ಅಂದಾಜು ಅದು, ಅಳೆದು ತೂಗಿದ್ದಲ್ಲ. 2005ರಲ್ಲಿ ನೈಜರ್‌ನಲ್ಲಿ ಆಹಾರದ ಬಿಕ್ಕಟ್ಟು ಬಂದಾಗ ಅದರ ಕೇಂದ್ರಗಳಲ್ಲೊಂದು ಇದೇ ಮರಾದಿ. ಗಡಿಯಿಲ್ಲದ ವೈದ್ಯರ ಸಂಸ್ಥೆಯಾದ ಎಂಎಸ್‌ಎಫ್ ತೀವ್ರ ಅಪೌಷ್ಟಿಕತೆಯ ಸಾವಿರಾರು ಮಕ್ಕಳಿಗೆ ಚಿಕಿತ್ಸೆ ಕೊಟ್ಟದ್ದು ಇಲ್ಲಿಯೇ. ಮರವುಳ್ಳ ಹಳ್ಳಿಗಳು ಸೌದೆ ಮಾರಿ ಕಾಳು ಕೊಂಡು ಆ ವರ್ಷ ದಾಟಿದವು ಎಂಬ ವರದಿಗಳಿವೆ, ನಂಬುವಂಥವೇ. ಆದರೂ ಹಸಿವಿಗೆ ಕಾಳಿನ ಬೆಲೆ, ವ್ಯಾಪಾರಿಗಳ ಆಟ, ತುಂಡು ಜಮೀನು, ಏರುವ ಜನಸಂಖ್ಯೆ, ತಾಯಂದಿರ ಆರೋಗ್ಯ ಎಲ್ಲವೂ ಕಾರಣ. ಮರ ಬಡವನಿಗೆ ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ ಆಪತ್ತಿಗೆ ಒದಗುತ್ತದೆ, ಆಪತ್ತನ್ನು ತಡೆಯುವುದಿಲ್ಲ. ಮರದ ಮೇಲೆ ಅದು ಹೊರಲಾರದ ಭಾರ ಹೇರಿದರೆ ನಾಳೆ ಅದೇ ಭಾರ ಅದರ ಮೇಲಿನ ದೂರಾಗುತ್ತದೆ.

ಇದನ್ನು ಕಾಡು ಮರಳಿತು ಎನ್ನುವುದೂ ಉತ್ಪ್ರೇಕ್ಷೆ. ನೆಲದಡಿ ಯಾವ ಬೇರು ಉಳಿದಿತ್ತೋ ಆ ಜಾತಿ ಮಾತ್ರ ಎದ್ದಿದೆ. ಅದರಲ್ಲೂ ರೈತನಿಗೆ ಉಪಯೋಗವಿದ್ದದ್ದು ಮಾತ್ರ ಉಳಿದಿದೆ. ಅಲ್ಲಿ ಹೊಲ ಹೊಲವಾಗಿಯೇ ಇದೆ, ಮರಗಳ ನಡುವೆ. ಪ್ರಕೃತಿಯನ್ನು ಮೊದಲಿನಂತೆ ಮಾಡಿಟ್ಟೆವು ಎಂದು ಯಾವ ರೈತನೂ ಹೇಳಿಕೊಂಡಿಲ್ಲ. ಹೇಳುತ್ತಿರುವವರು ದೂರದಿಂದ ನೋಡುವವರು. ನನ್ನ ಕಣ್ಣಿಗೆ ಇದು ಕೊರತೆಯಾಗಿ ಕಾಣುವುದಿಲ್ಲ. ಬೇಲಿ ಹಾಕಿ ಜನರನ್ನು ಹೊರಗಿಟ್ಟು ಉಳಿಸಿದ ಹಸಿರಿಗಿಂತ ಉಣ್ಣುವವರೇ ಉಳಿಸಿಕೊಂಡ ಹಸಿರು ಗಟ್ಟಿ.

ನಿಜವಾದ ಕೊರತೆ ಬೇರೆ ಕಡೆ ಇದೆ. ಒಪ್ಪಂದವೆಂದರೆ ಒಳಗಿರುವವರು ಯಾರು, ಹೊರಗುಳಿದವರು ಯಾರು ಎಂಬ ಗೆರೆಯೂ ಹೌದು. ಸುಗ್ಗಿಯ ನಂತರ ದನಗಳೊಂದಿಗೆ ಬರುತ್ತಿದ್ದ ಫುಲಾನಿ ಪಶುಪಾಲಕರಿಗೆ ಹೊಲದ ಕೂಳೆ ಮೇವಾಗಿತ್ತು, ದನದ ಸಗಣಿ ಹೊಲಕ್ಕೆ ಗೊಬ್ಬರವಾಗಿತ್ತು. ನಮ್ಮ ಉತ್ತರ ಕರ್ನಾಟಕದ ರೈತರು ಕಾಳು ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸುವುದಿಲ್ಲವೇ, ಹಾಗೆ. ಮರ ಬಿಟ್ಟ ಹಳ್ಳಿಗಳಲ್ಲಿ ಕಾವಲು ಬಂದ ಮೇಲೆ ಟೊಂಗೆ ಸವರುವ ದನಗಾಹಿ ಕಳ್ಳನಾದ. ಕಟ್ಟಳೆ ಬರೆಯುವ ಸಮಿತಿಯಲ್ಲಿ ಊರಲ್ಲಿ ನಿಲ್ಲದವನಿಗೆ ಜಾಗ ಸಿಗುವುದು ಕಷ್ಟ. ಹೊಲವಿಲ್ಲದವರ ಪಾಡೂ ಅಷ್ಟೇ: ಮರ ಹೊಲದವನದಾದಾಗ, ಎಲ್ಲಿ ಬೇಕಾದರೂ ಸೌದೆ ಆಯುವ ಹಳೆಯ ರೂಢಿ ಕಳ್ಳತನವಾಯಿತು.

ಹೆಂಗಸರ ವಿಷಯದಲ್ಲಿ ಚಿತ್ರ ಮಿಶ್ರವಾಗಿದೆ. ದಿನಕ್ಕೆ ಎರಡೂವರೆ ಗಂಟೆ ಹಿಡಿಯುತ್ತಿದ್ದ ಸೌದೆ ಕೆಲಸ ಅರ್ಧ ಗಂಟೆಗೆ ಇಳಿಯಿತು ಎಂದು ಸಂಶೋಧಕರು ಬರೆದಿದ್ದಾರೆ. ಆ ಬಿಸಿಲಿನಲ್ಲಿ ಹೊರೆ ಹೊತ್ತು ನಡೆದವರಿಗೇ ಅದರ ಬೆಲೆ ಗೊತ್ತು. ಬಾವೊಬಾಬ್ ಮರದ ಎಲೆ ಅಲ್ಲಿ ನಿತ್ಯದ ಸಾರಿಗೆ ಬೇಕು. ಸವಣೂರಿನ ಮಠದಂಗಳದ ದೊಡ್ಡಹುಣಸೆಯ ಜಾತಿಯೇ ಅದು. ಜಿಂದೇರ್ ಕಡೆ ಆ ಎಲೆ ಮಾರಿ ಕಾಸು ಮಾಡಿಕೊಂಡ ಹೆಂಗಸರಿದ್ದಾರೆ. ಆದರೆ ಹೊಲ ಗಂಡಸಿನ ಹೆಸರಿನಲ್ಲಿ ಇರುವ ಕಡೆ ಕಾಂಡ ಕಡಿದು ಮಾರಿದ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಎಂಬುದನ್ನು ಉಪಗ್ರಹ ಹೇಳುವುದಿಲ್ಲ. ಎಫ್‌ಎಂಎನ್‌ಆರ್ ಬಗೆಗಿನ ಉತ್ಸಾಹದ ಬರಹಗಳು ಹೆಕ್ಟೇರನ್ನು ಎಣಿಸಿದಷ್ಟು ಶ್ರದ್ಧೆಯಿಂದ ಇದನ್ನು ಎಣಿಸಿಲ್ಲ. ಈ ಪದ್ಧತಿಯ ಮೇಲಿನ ನನ್ನ ದೊಡ್ಡ ಆಕ್ಷೇಪ ಇದೇ.

ನಮ್ಮ ಕಡೆ ಈ ಪಾಠ ಎಷ್ಟರ ಮಟ್ಟಿಗೆ ನಡೆದೀತು? ಗಂಧದ ಮರ ನಮಗೆ ಅರ್ಧ ಉತ್ತರ ಕೊಟ್ಟಿದೆ. ಟಿಪ್ಪುವಿನ ಕಾಲದಿಂದ ಮೈಸೂರು ಸೀಮೆಯಲ್ಲಿ ಗಂಧ ಯಾರ ಹೊಲದಲ್ಲಿ ಹುಟ್ಟಿದರೂ ಅರಮನೆಯ, ಆಮೇಲೆ ಸರ್ಕಾರದ ಸೊತ್ತು. ತಾನಾಗಿ ಹುಟ್ಟಿದ ಗಂಧದ ಗಿಡ ಕಂಡರೆ ರೈತ ಸದ್ದಿಲ್ಲದೆ ಕಿತ್ತು ಹಾಕುತ್ತಿದ್ದ. ನೈಜರ್ ರೈತನ ಲೆಕ್ಕಾಚಾರವೇ ಅದು. 2001ರ ತಿದ್ದುಪಡಿ ಗಂಧವನ್ನು ಹೊಲದವನದೆಂದು ಮಾಡಿತು, ರೈತರು ಬೆಳೆಯತೊಡಗಿದರು. ಆದರೆ ಇಂದು ಗಂಧ ಬೆಳೆದವನು ತಂತಿಬೇಲಿ, ನಾಯಿ, ಕ್ಯಾಮೆರಾ ಇಟ್ಟುಕೊಂಡು ರಾತ್ರಿ ನಿದ್ದೆಗೆಡುತ್ತಾನೆ. ಹಕ್ಕು ಬಂತು, ಊರಿನ ಒಪ್ಪಂದ ಬರಲಿಲ್ಲ. ಇತ್ತ ಹೊಲದಲ್ಲಿ ಮರ ಬೆಳೆಸುವವರಿಗೆ ಬದುಕುಳಿದ ಸಸಿಯ ಲೆಕ್ಕದಲ್ಲಿ ದುಡ್ಡು ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನಮ್ಮಲ್ಲಿದೆ. ಒಳ್ಳೆಯದೇ. ಆದರೆ ಅದು ನೆಟ್ಟ ಸಸಿಗೆ ಕೊಡುತ್ತದೆ. ಬನ್ನಿ, ಕರಿಜಾಲಿ, ಬೇವುಗಳ ಬೊಡ್ಡೆಯನ್ನು ಅಗೆಯದೆ, ಸುಡದೆ, ಸವರಿ ಬೆಳೆಸಿದವನಿಗೆ ಅದರ ಲೆಕ್ಕಪತ್ರದಲ್ಲಿ ಜಾಗವಿಲ್ಲ. ತಾನಾಗಿ ಹುಟ್ಟಿದ್ದಕ್ಕೆ ಬೆಲೆಯಿಲ್ಲ, ನರ್ಸರಿಯಿಂದ ಬಂದದ್ದಕ್ಕೆ ಇದೆ.

ಒಂದು ಎಚ್ಚರಿಕೆಯೂ ಬೇಕು. ನೈಜರ್‌ನ ಈ ಹೊಲಗಳಲ್ಲಿ ಬೇಸಾಯ ಬಹುಪಾಲು ಕೈಸನಿಕೆಯದು. ರೈತ ಮರದ ಸುತ್ತ ಬಾಗಿ ಕೆಲಸ ಮಾಡುತ್ತಾನೆ. ನಮ್ಮ ಬಯಲುಸೀಮೆಯ ಹೊಲಕ್ಕೆ ಟ್ರ್ಯಾಕ್ಟರ್ ಬಂದು ದಶಕಗಳಾದವು. ನೇಗಿಲ ಮೊನೆಗೆ ಸಿಕ್ಕ ಬೇರು ಎಷ್ಟೋ ಕಡೆ ಸತ್ತೇ ಹೋಗಿದೆ. ಹೊಲದ ನಡುವಿನ ಮರ ಟ್ರ್ಯಾಕ್ಟರ್ ಚಾಲಕನಿಗೆ ಅಡ್ಡಿ. ಆದ್ದರಿಂದ ಇಡೀ ಹೊಲಕ್ಕೆ ಈ ಪದ್ಧತಿ ಹಚ್ಚುವುದು ಆಗದ ಮಾತು. ಬದು, ಹಳ್ಳದ ದಂಡೆ, ಹಾಳುಬಿಟ್ಟ ಮಡ್ಡಿ ನೆಲ, ಗೋಮಾಳಗಳಲ್ಲಿ ಆದೀತು. ಗೋಮಾಳವೆಂದ ಕೂಡಲೇ ಕುರಿಗಾರರನ್ನು ಕೂರಿಸಿಕೊಂಡೇ ಕಟ್ಟಳೆ ಬರೆಯಬೇಕಾಗುತ್ತದೆ. ನೈಜರ್‌ನ ಹಳ್ಳಿಗಳು ಎಡವಿದ ಜಾಗ ಅದೇ.

ಕೊನೆಗೆ, ಇಂಥ ಕೆಲಸದಲ್ಲಿ ಸರ್ಕಾರದ ಪಾತ್ರವೇನು? ಆಫ್ರಿಕಾ ಒಕ್ಕೂಟ 2007ರಲ್ಲಿ ಒಪ್ಪಿದ ‘ಮಹಾ ಹಸಿರು ಗೋಡೆ’ ಯೋಜನೆ ಮೊದಲಿಗೆ ಖಂಡದ ಉದ್ದಕ್ಕೂ ಮರದ ಪಟ್ಟಿ ನೆಡುವ ಕನಸಾಗಿತ್ತು. 2030ಕ್ಕೆ ಹತ್ತು ಕೋಟಿ ಹೆಕ್ಟೇರ್ ಅದರ ಗುರಿ; 2020ರ ವಿಶ್ವಸಂಸ್ಥೆಯ ವರದಿ ನಿಗದಿತ ಪ್ರದೇಶದಲ್ಲಿ ಲೆಕ್ಕಕ್ಕೆ ಹಿಡಿದದ್ದು ಸುಮಾರು 40 ಲಕ್ಷ ಹೆಕ್ಟೇರ್. ಹನ್ನೊಂದು ದೇಶಗಳ ಸರ್ಕಾರಗಳು ಸೇರಿ ಹದಿಮೂರು ವರ್ಷ ಮಾಡಿದ ಕೆಲಸಕ್ಕಿಂತ ಹೆಚ್ಚು ನೆಲವನ್ನು ನೈಜರ್‌ನ ಎರಡು ಸೀಮೆಗಳ ರೈತರು ಯಾರ ಗಮನಕ್ಕೂ ಬಾರದೆ ಹಸಿರು ಮಾಡಿದ್ದರು. ಇದರಿಂದ ಸರ್ಕಾರ ಬೇಡ ಎಂಬ ತೀರ್ಮಾನಕ್ಕೆ ಬರುವುದು ಅವಸರ. ಮರದ ಹಕ್ಕನ್ನು ಕಸಿದದ್ದೂ ಸರ್ಕಾರ, ಬಿಟ್ಟುಕೊಟ್ಟದ್ದೂ ಸರ್ಕಾರ. ಊರಿನ ಕಟ್ಟಳೆಯ ಹೊರಗುಳಿದ ದನಗಾಹಿಯ ಪರ ನಿಲ್ಲಬೇಕಾದದ್ದೂ ಸರ್ಕಾರವೇ. ಸಸಿ ಹಂಚುವುದಕ್ಕಿಂತ ಕಷ್ಟದ ಕೆಲಸಗಳಿವು, ಫೋಟೊಕ್ಕೆ ಒದಗುವಂಥವೂ ಅಲ್ಲ. ನಮ್ಮಲ್ಲಿ ಯಾವುದಾದರೂ ಗ್ರಾಮ ಪಂಚಾಯಿತಿ ನೈಜರ್‌ನಿಂದ ಕಲಿಯಲು ಹೊರಟರೆ ಸವರುವ ತರಬೇತಿಯನ್ನು ಕೊನೆಗಿಟ್ಟುಕೊಳ್ಳಲಿ, ಅದು ಒಂದು ದಿನದ ಮಾತು. ಮರ ಯಾರದು, ಕಡಿದರೆ ದಂಡವೆಷ್ಟು, ಕುರಿ ಯಾವಾಗ ಬರಬಹುದು, ಹೊಲವಿಲ್ಲದವಳಿಗೆ ಸೌದೆ ಎಲ್ಲಿಂದ ಎಂಬ ನಾಲ್ಕು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಮೊದಲು ಇತ್ಯರ್ಥ ಮಾಡಿಕೊಳ್ಳಲಿ.